ಚೀಲದೊಳಗೆ ಉರಿದ ದೀಪ

"ಗುರುಗಳೇ, ನಮ್ಮದನ್ನು ಕದ್ದವನನ್ನು ಹಾಗೆಯೇ ಬಿಟ್ಟುಬಿಡಬೇಕೆ?" ಎಂದು ಮೃತ್ಯುಂಜಯ ಕೇಳಿದ.

ಗುರುಗಳು ಗಮಕಿಗಳು. ಹಳೆಯ ಕಾವ್ಯಗಳನ್ನು ರಾಗವಾಗಿ ಓದುವುದರಲ್ಲಿಯೇ ಅವರ ಕೂದಲು ನರೆತಿತ್ತು. ಮೃತ್ಯುಂಜಯ ಅವರ ಹಿರಿಯ ಶಿಷ್ಯ. ಹೊಸಬರಿಗೆ ಪಾಠ ಹೇಳುವವನು ಈಗ ಅವನೇ. ಅವನಲ್ಲಿ ಕಲಿಯುತ್ತಿದ್ದ ಒಬ್ಬ ತರುಣ ಪಾಠ ಅರ್ಧದಲ್ಲಿರುವಾಗಲೇ ಹೇಳದೆ ಕೇಳದೆ ಹೊರಟುಹೋಗಿದ್ದ. ಈಗ ಪಕ್ಕದ ಊರಿನಲ್ಲಿ ಜನ ಸೇರಿಸಿ ಕಾವ್ಯ ಓದುತ್ತಿದ್ದಾನೆಂದು ಸುದ್ದಿ ಬಂದಿತ್ತು. ಮೃತ್ಯುಂಜಯ ವರ್ಷಗಟ್ಟಲೆ ಕೂತು ಹೊಂದಿಸಿದ್ದ ಧಾಟಿಗಳನ್ನು ತನ್ನವೇ ಎಂಬಂತೆ ಹಾಡುತ್ತಿದ್ದನಂತೆ. ಯಾರಲ್ಲಿ ಕಲಿತೆ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದನಂತೆ.

"ನಾಳೆಯೇ ಅಲ್ಲಿಗೆ ಹೋಗಿ, ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳುತ್ತೇನೆ. ಅಪ್ಪಣೆ ಕೊಡಿ" ಎಂದ ಮೃತ್ಯುಂಜಯ.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆನ್ನಲೂ ಇಲ್ಲ. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ದಸ್ತಗೀರನೆಂಬ ಕಲಾಯಿಗಾರನಿದ್ದ. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಬಳಿದು ಬೆಳ್ಳಗೆ ಮಾಡುವುದು, ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕುವುದು ಅವನ ಕಸುಬು. ಜನರೆಲ್ಲ ಸ್ಟೀಲಿನ ಪಾತ್ರೆಗೆ ಹೊರಳಿಕೊಂಡ ಮೇಲೆ ಕೆಲಸ ಕಡಿಮೆಯಾಯಿತು. ಅವನು ಅದಕ್ಕಾಗಿ ಯಾರನ್ನೂ ಬಯ್ಯಲಿಲ್ಲ. ಬಂದಷ್ಟು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟು ಮನೆಗೆ ಬರುತ್ತಿದ್ದ.

ಮನೆಯಲ್ಲಿ ಇದ್ದವಳು ಹೆಂಡತಿ ಜೈತುನ್‌ಬಿ ಒಬ್ಬಳೇ. ಹಗಲೆಲ್ಲ ಅವಳು ಬೇರೆಯವರ ಮನೆಗಳಿಗೆ ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿದು ಕೊಡುತ್ತಿದ್ದಳು. ಸಂಜೆಯಾಗುತ್ತಲೇ ಸೂಜಿ ಕೆಳಗಿಟ್ಟು ಹಿತ್ತಿಲಿಗೆ ಇಳಿಯುತ್ತಿದ್ದಳು. ಬದನೆ, ಮೆಂತ್ಯ, ಹಾಗಲದ ಚಪ್ಪರ, ಅಂಚಿನುದ್ದಕ್ಕೂ ಕನಕಾಂಬರ. ಗಿಡಗಳಿಗೆ ನೀರು ಹನಿಸುತ್ತ, ಕಳೆ ಕೀಳುತ್ತ, ತನ್ನಷ್ಟಕ್ಕೆ ಏನೋ ಗುನುಗುತ್ತ ಕತ್ತಲಾಗುವವರೆಗೆ ಅಲ್ಲಿಯೇ ಇರುತ್ತಿದ್ದಳು. ದಸ್ತಗೀರ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಆ ಗುನುಗು ಕೇಳುತ್ತಿದ್ದ. ದಿನದಲ್ಲಿ ಅವನಿಗೆ ಬಹಳ ಇಷ್ಟವಾದ ಹೊತ್ತು ಅದು.

ಒಂದು ಮಳೆಗಾಲದ ಮುಸ್ಸಂಜೆ ಹಾಗಲದ ಚಪ್ಪರದ ಕೆಳಗೆ ಅವಳನ್ನು ಹಾವು ಕಚ್ಚಿತು. ಅವನು ಅವಳನ್ನು ಎತ್ತಿಕೊಂಡೇ ರಸ್ತೆಯವರೆಗೆ ಓಡಿದ. ಆಸ್ಪತ್ರೆಯವರು ಬದುಕಿಸಿದರು. ಕಾಲಿನ ಬಾವು ಇಳಿಯಿತು, ಗಾಯ ಮಾಯಿತು. ಆದರೆ ಹೊತ್ತು ಇಳಿದ ಮೇಲೆ ಅವಳು ಹಿತ್ತಿಲಿಗೆ ಕಾಲಿಡುವುದು ನಿಂತುಹೋಯಿತು. ಬಾಗಿಲವರೆಗೆ ಬರುವಳು, ಹೊಸ್ತಿಲ ಮೇಲೆ ನಿಲ್ಲುವಳು, ಒಳಗೆ ಹೋಗುವಳು. ಮೆಂತ್ಯ ಬಲಿತು ಹೂ ಬಿಟ್ಟಿತು. ಕನಕಾಂಬರ ಗಿಡದಲ್ಲಿಯೇ ಬಾಡಿತು. ದಸ್ತಗೀರನೇ ನೀರು ಹಾಕಿದ. ಗಿಡಗಳು ಬದುಕಿದವು, ಆದರೆ ಹಿತ್ತಿಲಿನಲ್ಲಿ ಗುನುಗು ಕೇಳಿಸಲಿಲ್ಲ.

ಬೆಳಕೊಂದಿದ್ದರೆ ಇವಳು ಇಳಿದಾಳು ಎಂದು ಅವನಿಗೆ ತೋರಿತು. ಹಿತ್ತಿಲಿಗೆ ಕರೆಂಟಿನ ತಂತಿ ಎಳೆಸುವುದು ಅವನ ಕೈಗೆ ನಿಲುಕುವಂಥದಲ್ಲ. ಎಳೆಸಿದರೂ ಆ ಊರಿನಲ್ಲಿ ಕರೆಂಟು ಹೋಗುತ್ತಿದ್ದುದೇ ಮುಸ್ಸಂಜೆಗೆ. ಬಿಸಿಲು ಮಾತ್ರ ಎಂದೂ ಕೈಕೊಟ್ಟದ್ದಿಲ್ಲ. ಬಿಸಿಲಿನಿಂದಲೇ ದೀಪ ಮಾಡುತ್ತೇನೆ ಎಂದುಕೊಂಡ.

ಗುಜರಿ ಅಂಗಡಿಗೆ ಹೋಗಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುರಿದ ಆಟಿಕೆಗಳಿಂದ ಅಂಗೈಯಷ್ಟಗಲದ ಸೋಲಾರ್ ಪ್ಲೇಟುಗಳನ್ನು ಬಿಡಿಸಿಕೊಂಡ. ಬಿಸಾಡಿದ ಟಾರ್ಚುಗಳಿಂದ ಚಾರ್ಜಾಗುವ ಸೆಲ್ಲುಗಳನ್ನೂ ಜೋಳದ ಕಾಳಿನಷ್ಟಿದ್ದ ಬಲ್ಬುಗಳನ್ನೂ ಆರಿಸಿದ. ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿಗಳನ್ನು ಓಣಿಯ ಮನೆಗಳವರು ಹಾಗೆಯೇ ಕೊಟ್ಟರು. ಯಾವ ತಂತಿ ಎಲ್ಲಿಗೆ ಸೇರಬೇಕೆಂಬುದನ್ನು ರೇಡಿಯೊ ರಿಪೇರಿಯವನ ಅಂಗಡಿಯಲ್ಲಿ ನಿಂತು ನೋಡಿ ಕಲಿತ. ಹಗಲು ಪ್ಲೇಟು ಬಿಸಿಲುಂಡು ಸೆಲ್ಲು ತುಂಬಬೇಕು. ಪ್ಲೇಟಿಗೆ ಕತ್ತಲಾದೊಡನೆ ಬಲ್ಬು ತಾನಾಗಿ ಹತ್ತಿಕೊಳ್ಳಬೇಕು. ಇಷ್ಟೇ ಅದರ ಗುಟ್ಟು.

ಗುಟ್ಟು ಗೊತ್ತಾದರೂ ಕೈಗೆ ಸುಲಭವಾಗಿ ಬರಲಿಲ್ಲ. ಕೊಡ, ಹಂಡೆಗೆ ಬೆಸುಗೆ ಹಾಕಿದ ಕೈ ಅದು. ಮೊದಮೊದಲು ಕಾವು ಹೆಚ್ಚಾಗಿ ಪ್ಲೇಟುಗಳು ಸುಟ್ಟುಹೋದವು. ಕೂದಲೆಳೆಯಷ್ಟು ಸಣ್ಣ ತಂತಿಗೆ ಎಷ್ಟು ಕಾವು ಸಾಕೆಂದು ಆ ವಯಸ್ಸಿನಲ್ಲಿ ಹೊಸದಾಗಿ ಕಲಿತ. ಒಂದು ದೀಪ ಚೆನ್ನಾಗಿ ಹತ್ತಿತು, ಇಬ್ಬನಿ ಒಳಗಿಳಿದು ಕೆಟ್ಟಿತು. ಸೈಕಲ್ಲಿನ ಹಳೆಯ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಮುಚ್ಚಳದ ಕೆಳಗೆ ಕೂರಿಸಿದ. ಆಮೇಲೆ ನೀರಿನ ಹನಿ ಒಳಗೆ ಹೋಗಲಿಲ್ಲ. ಕೆಟ್ಟದ್ದನ್ನು ಅವನು ಎಸೆಯಲಿಲ್ಲ. ಬಿಚ್ಚಿ, ಎಲ್ಲಿ ಕೆಟ್ಟಿತೆಂದು ನೋಡಿ, ಮತ್ತೆ ಕಟ್ಟಿದ.

ಬಾಟಲಿಗಳನ್ನು ಬಿದಿರಿನ ಗೂಟಗಳ ಮೇಲೆ ಕೂರಿಸಿ, ಮೆಟ್ಟಿಲಿನಿಂದ ಚಪ್ಪರದವರೆಗೆ ಕಾಲುದಾರಿಯ ಅಂಚಿಗೆ ನೆಟ್ಟ. ಅಂದು ಹೊತ್ತು ಮುಳುಗಿದಾಗ ಅವು ಒಂದೊಂದಾಗಿ ಹತ್ತಿಕೊಂಡವು. ಬೆಂಕಿಯ ಕೆಂಪಲ್ಲ, ಹಾಲಿನಂಥ ಬಿಳುಪು. ಜೈತುನ್‌ಬಿ ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತಳು. ಅವನು ಬಾ ಎನ್ನಲಿಲ್ಲ. ಅವಳು ಮೊದಲ ದೀಪದವರೆಗೆ ಹೋಗಿ ಹಿಂತಿರುಗಿದಳು. ಮರುದಿನ ಇನ್ನೊಂದು ದೀಪದಷ್ಟು ಮುಂದೆ ಹೋದಳು. ಚಳಿ ಬೀಳುವ ಹೊತ್ತಿಗೆ ಚಪ್ಪರದ ಕೆಳಗೆ ಕೂತು ಕನಕಾಂಬರ ಬಿಡಿಸುತ್ತಿದ್ದಳು. ಗುನುಗು ಮತ್ತೆ ಕೇಳಿಸಿತು.

ಅಷ್ಟರಲ್ಲಿ ಒಂದು ಬೆಳಗ್ಗೆ ನೋಡಿದರೆ ಒಂದು ಗೂಟ ಬೋಳಾಗಿತ್ತು. ಬಾಟಲಿ ಸಮೇತ ದೀಪವನ್ನು ಯಾರೋ ಒಯ್ದಿದ್ದರು. ಅವನು ಇನ್ನೊಂದು ಮಾಡಿ ಇಟ್ಟ. ಕೆಲವು ದಿನ ಕಳೆದು ಮತ್ತೊಂದು ಹೋಯಿತು. ಆಮೇಲೆ ಇನ್ನೊಂದು. ಅವನು ಕಟ್ಟುವುದಕ್ಕಿಂತ ಅವು ಕಾಣೆಯಾಗುವುದೇ ಬೇಗವಾಯಿತು. ಗುಜರಿಯಲ್ಲಿ ಪ್ಲೇಟುಗಳೂ ಮುಗಿದವು. ಕಾಲುದಾರಿಯ ನಡುವೆ ಕತ್ತಲ ತೇಪೆಗಳು ಬಿದ್ದವು. ಬೆಳಕು ಮುಗಿದಲ್ಲಿ ಜೈತುನ್‌ಬಿಯ ಕಾಲು ನಿಂತುಬಿಡುತ್ತಿತ್ತು. ಒಂದು ಸಂಜೆ ಅವಳು ಹೊಸ್ತಿಲಿನಿಂದಲೇ ಒಳಗೆ ಹೋದಳು.

ಅಂದು ದಸ್ತಗೀರನಿಗೆ ಬಂದಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಪಕ್ಕದ ಮನೆಯ ಹಿಟ್ಟಿನ ಗಿರಣಿಯವನು ಅದಕ್ಕೆ ಗಾಳಿ ಹಾಕಿದ. "ಹಳ್ಳದಾಚೆ ಕಬ್ಬು ಕಡಿಯುವವರು ಬಂದು ಗುಡಿಸಲು ಹಾಕಿದ್ದಾರೆ. ಅವರು ಬಂದ ಮೇಲೆಯೇ ಇದು ಶುರುವಾದದ್ದು. ಹಿಡಿದು ನಾಲ್ಕು ಬಿಗಿ" ಎಂದ.

ಮರುದಿನ ಹೊತ್ತು ಮುಳುಗುವಾಗ ದಸ್ತಗೀರ ಮಾಳಿಗೆ ಹತ್ತಿ ಹಳ್ಳದ ಕಡೆಗೆ ನೋಡಿದ. ಗುಡಿಸಲುಗಳ ಮುಂದೆ ಒಲೆಗಳು ಕೆಂಪಗೆ ಉರಿಯುತ್ತಿದ್ದವು. ಅವುಗಳಿಗೂ ಆಚೆ, ನೆಲಕ್ಕೆ ಅಂಟಿಕೊಂಡಂತೆ, ಹಾಲಿನ ಬಿಳುಪಿನ ಒಂದು ಚುಕ್ಕೆ ಕಂಡಿತು. ತನ್ನ ಕೈಯ ದೀಪವನ್ನು ಗುರುತಿಸಲು ಅವನಿಗೆ ಹೊತ್ತು ಬೇಕಾಗಲಿಲ್ಲ. ಕೋಲು ತೆಗೆದುಕೊಂಡು ಹಳ್ಳ ದಾಟಿದ.

ಗುಡಿಸಲುಗಳ ಬಳಿ ಒಬ್ಬ ಮುದುಕ ಅವನನ್ನು ತಡೆದ. "ಆ ಕಡೆ ಹೋಗಬೇಡಪ್ಪ. ಅದು ಹೆಣ್ಣುಮಕ್ಕಳು ಬಯಲಿಗೆ ಹೋಗುವ ದಾರಿ" ಎಂದ. ದಸ್ತಗೀರ ಅಲ್ಲಿಯೇ ನಿಂತ. ದೂರದಲ್ಲಿ ದೀಪ ಮಂಕಾಗುತ್ತಿತ್ತು. ಅವನು ನೋಡನೋಡುತ್ತಿದ್ದಂತೆಯೇ ಆರಿತು. ಅವನಿಗೆ ಆಶ್ಚರ್ಯವಾಯಿತು. ಅವನ ಹಿತ್ತಿಲಿನಲ್ಲಿ ಯಾವ ದೀಪವೂ ಅಷ್ಟು ಬೇಗ ಆರಿದ್ದಿಲ್ಲ. ಕೋಲು ಹಿಡಿದುಕೊಂಡು ಹಾಗೆಯೇ ಹಿಂತಿರುಗಿದ.

ನಡೆದದ್ದನ್ನು ಕೇಳಿ ಜೈತುನ್‌ಬಿ ಅವನ ಕೈಯಿಂದ ಕೋಲು ತೆಗೆದು ಮೂಲೆಗಿಟ್ಟಳು. ಆಮೇಲೆ, "ಗಂಡಸರು ಹೋಗಬಾರದ ದಾರಿಯಾದರೆ ನಾನು ಹೋಗುತ್ತೇನೆ" ಎಂದಳು.

ಅವನು ಬೇಡವೆಂದ. ಅವಳು ಕೇಳಲಿಲ್ಲ. ಮರುದಿನ ಹೊತ್ತು ಇಳಿದಾಗ ಹಿತ್ತಿಲಿನಲ್ಲಿ ಉಳಿದಿದ್ದ ದೀಪಗಳಲ್ಲಿ ಒಂದನ್ನು ಗೂಟ ಸಮೇತ ಕಿತ್ತು ಕೈಯಲ್ಲಿ ಹಿಡಿದಳು. ತನ್ನ ಹಿತ್ತಿಲ ಹೊಸ್ತಿಲನ್ನೇ ದಾಟಲು ಹೆದರುತ್ತಿದ್ದವಳು ಹಳ್ಳದ ಕಲ್ಲುಗಳ ಮೇಲೆ ಕಾಲೂರುತ್ತ ಆಚೆಗೆ ಹೋದಳು. ದಸ್ತಗೀರ ಈಚೆ ದಡದಲ್ಲಿ ಕೂತ. ಅವಳ ಕೈಯ ದೀಪ ಸಣ್ಣದಾಗುತ್ತ ಹೋಗಿ ಕಬ್ಬಿನ ಮರೆಗೆ ಸರಿಯಿತು. ಎದ್ದು ಹಿಂದೆ ಓಡೋಣವೆನ್ನಿಸಿತು. ಆ ದಾರಿ ತನ್ನದಲ್ಲವೆಂದು ನೆನಪಾಗಿ ಮತ್ತೆ ಕೂತ. ಅವಳು ತಿರುಗಿ ಬಂದಾಗ ಕೈಯಲ್ಲಿ ದೀಪವಿರಲಿಲ್ಲ. ಬರಿಗೈಯಲ್ಲಿ, ಕತ್ತಲಲ್ಲಿ, ಹಳ್ಳ ದಾಟಿ ಬಂದಿದ್ದಳು.

"ದೀಪ ಎಲ್ಲಿ?" ಎಂದ.

"ಅಲ್ಲಿ ಇಟ್ಟು ಬಂದೆ. ದಾರಿಯ ತಿರುವಿನಲ್ಲಿ ಒಂದು ಹಾಳು ಬಾವಿ ಇದೆ, ಕಟ್ಟೆಯಿಲ್ಲದ್ದು. ಹೋದ ತಿಂಗಳು ಒಬ್ಬ ಹುಡುಗಿ ಅದರಲ್ಲಿ ಬಿದ್ದು ಸೊಂಟ ಮುರಿದುಕೊಂಡಳಂತೆ. ನಿಮ್ಮ ದೀಪ ತಂದವಳು ಅದನ್ನು ಬಾವಿಯ ಬಾಯಿಗೆ ಇಡುತ್ತಿದ್ದಾಳೆ. ಎಲ್ಲ ಹೆಣ್ಣುಮಕ್ಕಳು ಹೋಗಿ ಬರುವವರೆಗೆ ತಾನೂ ಅಲ್ಲಿಯೇ ನಿಲ್ಲುತ್ತಾಳೆ" ಎಂದಳು ಜೈತುನ್‌ಬಿ. ಆಮೇಲೆ, "ನಾಳೆ ಬೆಳಗ್ಗೆ ಎಲ್ಲವನ್ನೂ ತಂದು ಒಪ್ಪಿಸುತ್ತೇನೆ ಎಂದಿದ್ದಾಳೆ. ನೀವು ಬಯ್ಯಬಾರದು" ಎಂದಳು.

ಬೆಳಗ್ಗೆ ಆ ಹೆಣ್ಣುಮಗಳು ಬಂದಳು. ಹೆಸರು ಕಸ್ತೂರವ್ವ. ಗಂಡನ ಜೊತೆ ಕಬ್ಬು ಕಡಿಯುವವಳು. ಅಂಗೈ ತುಂಬ ಎಲೆಯ ಅಲಗು ಕುಯ್ದ ಗೆರೆಗಳು. ಗೊಬ್ಬರದ ಚೀಲವೊಂದನ್ನು ತಂದು ಅಂಗಳದಲ್ಲಿ ಇಟ್ಟಳು. ತಲೆ ಎತ್ತಲಿಲ್ಲ.

"ತಪ್ಪಾಯಿತಜ್ಜಾ. ಒಂದೇ ಸಾಕು ಅಂತಲೇ ಒಯ್ದೆ. ಅದು ಎರಡು ರಾತ್ರಿಗೆ ಸತ್ತುಹೋಯಿತು. ಅದಕ್ಕೇ ಇನ್ನೊಂದು ಒಯ್ದೆ. ಅದೂ ಸತ್ತಿತು. ಒಂದೂ ಬಾಳಲಿಲ್ಲ."

ದಸ್ತಗೀರ ಚೀಲದ ಬಾಯಿ ಬಿಚ್ಚಿದ. ಬಾಟಲಿಗಳು ಒಂದೂ ಒಡೆದಿರಲಿಲ್ಲ. ಒಂದಕ್ಕೊಂದು ತಾಗದ ಹಾಗೆ ನಡುನಡುವೆ ಹಳೆಯ ಸೀರೆಯ ಚೂರು ತುರುಕಿದ್ದಳು. ಎಲ್ಲವೂ ಆರಿದ್ದವು. ಒಂದು ಮಾತ್ರ, ಮೇಲಿನದು, ಹಿಂದಿನ ಸಂಜೆ ಜೈತುನ್‌ಬಿ ಇಟ್ಟು ಬಂದದ್ದು, ಚೀಲದ ಕತ್ತಲಲ್ಲಿ ಮಿಣಿಮಿಣಿ ಉರಿಯುತ್ತಿತ್ತು. ಹೊರಗೆ ಅಂಗಳದ ತುಂಬ ಬಿಸಿಲು.

"ಹಗಲೆಲ್ಲ ಇವನ್ನು ಈ ಚೀಲದಲ್ಲಿಯೇ ಇಡುತ್ತಿದ್ದೆಯಾ?" ಎಂದು ಕೇಳಿದ.

"ಹೌದಜ್ಜಾ, ಯಾರಿಗೂ ಕಾಣಬಾರದು ಅಂತ."

ಅವನಿಗೆ ಎಲ್ಲವೂ ಹೊಳೆಯಿತು. ಚೀಲದೊಳಗಿದ್ದ ದೀಪಕ್ಕೆ ಹಗಲೂ ರಾತ್ರಿಯೇ. ಕತ್ತಲಾಯಿತೆಂದುಕೊಂಡು ಅದು ಯಾರಿಗೂ ಕಾಣದ ಹಾಗೆ ಒಳಗೇ ಉರಿದು ಮುಗಿಯುತ್ತಿತ್ತು. ದೀಪಗಳು ಸತ್ತಿರಲಿಲ್ಲ. ಅವಕ್ಕೆ ಬಿಸಿಲು ಸಿಕ್ಕಿರಲಿಲ್ಲ, ಅಷ್ಟೇ. ಕದ್ದವಳೆಂದು ಕೂಡಿಟ್ಟುಕೊಂಡಿದ್ದ ಸಿಟ್ಟನ್ನು ಅವನು ತನ್ನೊಳಗೆ ಹುಡುಕಿದ. ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ. ತಾನು ಮಾಡಿದ ವಸ್ತು ಹೀಗೆ ವ್ಯರ್ಥವಾಗಿ ಉರಿಯಿತಲ್ಲ ಎಂಬ ಸಂಕಟವೊಂದೇ ಇತ್ತು.

"ಇವನ್ನು ಬಿಸಿಲಿಗಿಡಬೇಕು ತಾಯಿ. ದಿನವಿಡೀ ಬಯಲಲ್ಲಿ, ಮೇಲೆ ಏನೂ ಮುಚ್ಚದೆ. ಆಗ ವರ್ಷಗಟ್ಟಲೆ ಬಾಳುತ್ತವೆ" ಎಂದ.

ಕಸ್ತೂರವ್ವ ಮೊದಲ ಸಲ ತಲೆ ಎತ್ತಿದಳು. "ಬಿಸಿಲಿಗಿಟ್ಟರೆ ಎಲ್ಲರಿಗೂ ಕಾಣುತ್ತದಲ್ಲಜ್ಜಾ. ಕದ್ದದ್ದು ಅಂತ ಮೇಸ್ತ್ರಿಗೆ ಗೊತ್ತಾದರೆ ನಮ್ಮನ್ನು ಇವತ್ತೇ ಗುಂಪಿನಿಂದ ಹೊರಗೆ ಹಾಕುತ್ತಾನೆ" ಎಂದಳು.

ದಸ್ತಗೀರನಿಗೆ ದೀಪ ಮಾಡುವುದು ಗೊತ್ತಿತ್ತು. ದೀಪ ಬಿಸಿಲಿಗೆ ಬರಬೇಕಾದರೆ ಮೊದಲು ಕಳ್ಳತನದ ಹೆಸರು ಅದರ ಮೇಲಿನಿಂದ ಹೋಗಬೇಕು ಎಂಬುದು ಈಗ ಗೊತ್ತಾಯಿತು. ಅವನು ಹಿತ್ತಿಲಿನ ಬೋಳು ಗೂಟಗಳನ್ನು ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಇವನ್ನು ಕೊಟ್ಟುಬಿಟ್ಟರೆ ಅವಳ ದಾರಿಗೆ ಮತ್ತೆ ಎಂದು ಬೆಳಕಾಗುವುದೋ ಹೇಳಲಾಗದು. ಜೈತುನ್‌ಬಿ ಚೀಲದ ಬಾಯಿ ಕೂಡಿಸಿ ಅವನ ಹೆಗಲಿಗೆ ಏರಿಸಿದಳು.

ಅವನು ಚೀಲ ಹೊತ್ತು ಹಾಡುಹಗಲಿನಲ್ಲಿ ಓಣಿಯ ನಡುವೆ ನಡೆದ. ಗಿರಣಿಯವನು ನೋಡಿ ಹಿಂದೆ ಬಂದ. ಕಳ್ಳರು ಸಿಕ್ಕರೆಂದು ಇನ್ನೂ ಕೆಲವರು ಬಂದರು. ದಸ್ತಗೀರ ಹಳ್ಳ ದಾಟಿ ಗುಡಿಸಲುಗಳ ನಡುವಿನ ಬಯಲಿಗೆ ಹೋಗಿ ದೀಪಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಗಾಜು ಒರೆಸಿ, ಬಿಸಿಲು ನೇರವಾಗಿ ಬೀಳುವಲ್ಲಿ ಸಾಲಾಗಿ ಇಟ್ಟ. ಕಬ್ಬಿನ ಕಡಿತಕ್ಕೆ ಹೊರಟಿದ್ದವರೆಲ್ಲ ಕತ್ತಿ ಹಿಡಿದುಕೊಂಡೇ ನಿಂತರು. ಮೇಸ್ತ್ರಿಯೂ ಬಂದು ನಿಂತ.

"ಇವು ನಾನು ಮಾಡಿದ ದೀಪಗಳು. ಕಸ್ತೂರವ್ವನಿಗೆ ಕೊಟ್ಟಿದ್ದೇನೆ. ಹಗಲು ಯಾರೂ ಇವುಗಳ ಮೇಲೆ ಬಟ್ಟೆ ಹರವಬೇಡಿ" ಎಂದು ದಸ್ತಗೀರ ಎಲ್ಲರಿಗೂ ಕೇಳುವಂತೆ ಹೇಳಿದ.

ಗಿರಣಿಯವನು ಮುಂದೆ ಬಂದ. "ಏನಯ್ಯ ಇದು? ನಿನ್ನ ಹಿತ್ತಿಲಿನಿಂದ ಕಳವಾದವಲ್ಲವೇ ಇವು?" ಎಂದ.

"ಕಳವಾಗಿರಲಿಲ್ಲ. ಕೊಟ್ಟಿದ್ದೆ. ಹೇಳುವುದಕ್ಕೆ ತಡವಾಯಿತು" ಎಂದ ದಸ್ತಗೀರ.

ಕಸ್ತೂರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಿರಣಿಯವನಿಗೆ ಅದು ಕಾಣದೆ ಇರಲಿಲ್ಲ. ಅವನು ಬಂದ ದಾರಿಯಲ್ಲಿ ಹಿಂತಿರುಗಿದ. ಮಧ್ಯಾಹ್ನ ಅವನ ಮನೆಯಿಂದ ಎರಡು ಖಾಲಿ ಬಾಟಲಿಗಳು ದಸ್ತಗೀರನ ಮನೆಗೆ ಬಂದವು.

ಆ ದಿನವಿಡೀ ದೀಪಗಳು ಬಿಸಿಲುಂಡವು. ಸಂಜೆ ದಸ್ತಗೀರ ಮಾಳಿಗೆಯಿಂದ ನೋಡಿದ. ಗುಡಿಸಲುಗಳಿಂದ ಬಾವಿಯವರೆಗೆ, ಬಾವಿಯಿಂದ ಬಯಲಿನವರೆಗೆ ಬಿಳಿಯ ಚುಕ್ಕೆಗಳ ಒಂದು ದಾರಿ ಮೂಡಿತ್ತು. ಕಾವಲು ನಿಲ್ಲುವ ಕೆಲಸ ಕಸ್ತೂರವ್ವನಿಗೆ ತಪ್ಪಿತು. ಹೆಣ್ಣುಮಕ್ಕಳು ಮಾತಾಡುತ್ತ, ನಗುತ್ತ ಹೋಗಿ ಬರುವುದು ಹಳ್ಳದ ಈಚೆಗೂ ಕೇಳಿಸಿತು. ಅವನಿಗೆ ಕೆಳಗಿಳಿಯಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ತನ್ನ ಹಿತ್ತಿಲಿನಲ್ಲಿ ಸಪ್ಪಳವಾಯಿತು. ನೋಡಿದ. ಅಲ್ಲಿ ಉಳಿದಿದ್ದವು ಕೆಲವೇ ದೀಪಗಳು. ಜೈತುನ್‌ಬಿ ಒಂದು ದೀಪದಿಂದ ಇನ್ನೊಂದಕ್ಕೆ, ನಡುವಿನ ಕತ್ತಲನ್ನು ಕೋಲಿನಿಂದ ತಟ್ಟುತ್ತ, ನಡೆದು ಹೋಗುತ್ತಿದ್ದಳು.

ಕಡಿತ ಮುಗಿಯುವವರೆಗೆ ಬಿಡುವಾದಾಗಲೆಲ್ಲ ಕಸ್ತೂರವ್ವ ಬಂದು ಅವನ ಅಂಗಳದಲ್ಲಿ ಕೂತಳು. ಅವನು ಕಾವು, ತಂತಿ, ರಬ್ಬರಿನ ಉಂಗುರ ಎಲ್ಲವನ್ನೂ ತೋರಿಸಿಕೊಟ್ಟ. ಅವಳ ಕೈ ಅವನದಕ್ಕಿಂತ ಹಗುರ. ಒಂದು ಪ್ಲೇಟನ್ನೂ ಸುಡಲಿಲ್ಲ. ಬೇರೆ ಹೆಣ್ಣುಮಕ್ಕಳು ಬಾಟಲಿ ತಂದರು. ಗುಂಪು ಹೊರಟ ದಿನ ಎತ್ತಿನ ಗಾಡಿಗಳ ಮೇಲೆ, ಪಾತ್ರೆ ಕೌದಿಗಳೆಲ್ಲಕ್ಕಿಂತ ಮೇಲೆ, ದೀಪಗಳನ್ನು ಆಕಾಶಕ್ಕೆ ಮುಖ ಮಾಡಿ ಕಟ್ಟಿದ್ದರು. ದಾರಿಯುದ್ದಕ್ಕೂ ಅವು ಬಿಸಿಲುಣ್ಣುತ್ತ ಹೋದವು.

ಕತೆ ಮುಗಿಸಿ ಗುರುಗಳು ನೀರು ಕುಡಿದರು.

ಮೃತ್ಯುಂಜಯನ ಮುಖದ ಬಿಗಿ ಸಡಿಲವಾಗಿತ್ತು. ಆದರೂ ಅವನು ಬಿಟ್ಟುಕೊಡಲಿಲ್ಲ. "ಆ ಹೆಣ್ಣುಮಗಳು ಬಂದು ತಪ್ಪೊಪ್ಪಿಕೊಂಡಳು ಗುರುಗಳೇ. ಇವನು ಎಲ್ಲಿ ಒಪ್ಪಿಕೊಂಡ? ನಾನು ಅವನಿಗೆ ಕಾವ್ಯದ ಪೂರ್ವಾರ್ಧವನ್ನಷ್ಟೇ ಹೇಳಿಕೊಟ್ಟಿದ್ದೆ. ಅಷ್ಟನ್ನೇ ಕಟ್ಟಿಕೊಂಡು ಓಡಿದ" ಎಂದ.

ಗುರುಗಳು ಅವನನ್ನೇ ನೋಡಿದರು.

"ಹಾಗಾದರೆ ನಾಳೆ ಹೋದಾಗ, ಅವನಿಗೆ ಉತ್ತರಾರ್ಧದ ಪಾಠವನ್ನು ಎಲ್ಲಿಂದ ಶುರುಮಾಡುತ್ತೀಯ?" ಎಂದರು.